ನಾಸಿಕ್ ದ್ರಾಕ್ಷಿ, ಡೊಂಬಿವಲಿ ಮೂಗು

ಕರಿಮೆಣಸಿನ ಖಾರಕ್ಕೆ ಪೈಪರೀನ್ ಕಾರಣವೆಂದು ಹತ್ತೊಂಬತ್ತನೆಯ ಶತಮಾನದ ಆರಂಭದಿಂದಲೇ ಗೊತ್ತಿತ್ತು. ಆದರೆ ಪೈಪರೀನ್‌ಗೆ ಹೇಳಿಕೊಳ್ಳುವಂಥ ವಾಸನೆಯೇನೂ ಇಲ್ಲ. ಕುಟ್ಟಾಣಿಯಲ್ಲಿ ನಾಲ್ಕು ಕಾಳು ಜಜ್ಜಿದರೆ ಸಾಕು, ಅಡುಗೆಮನೆ ದಾಟಿ ಹಾಲ್‌ವರೆಗೆ ಬರುವ ಆ ಘಮಕ್ಕೆ ಮುಖ್ಯವಾಗಿ ಯಾವ ಅಣು ಕಾರಣ ಎಂಬುದು ತಿಳಿದದ್ದು 2008ರಲ್ಲಿ. ತಿಳಿಸಿದವರು ಮೆಣಸು ಬೆಳೆಯುವ ಮಲೆನಾಡಿನವರಲ್ಲ, ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿರುವ ವೈನ್ ಸಂಶೋಧನಾ ಸಂಸ್ಥೆಯವರು. ಶಿರಾಜ್ ಎಂಬ ಕಪ್ಪು ದ್ರಾಕ್ಷಿಯ ವೈನಿನಲ್ಲಿ ಕೆಲವೊಮ್ಮೆ ಅಪ್ಪಟ ಮೆಣಸಿನ ವಾಸನೆ ಬರುತ್ತದೆ. ಅದರ ಬೆನ್ನು ಹತ್ತಿದವರ ಕೈಗೆ ಸಿಕ್ಕ ಅಣುವಿನ ಹೆಸರು ರೋಟಂಡೋನ್. ಸೈಪರಸ್ ರೋಟಂಡಸ್, ಅಂದರೆ ನಮ್ಮ ಗದ್ದೆ ಬದುಗಳಲ್ಲಿ ಕಳೆಯಾಗಿ ಹಬ್ಬುವ ತುಂಗೆ ಹುಲ್ಲು. ಅದರ ಗಡ್ಡೆಯಲ್ಲಿ ಮೊದಲು ಸಿಕ್ಕಿದ್ದರಿಂದ ಈ ಹೆಸರು. ವೈನಿನಲ್ಲಿ ಕಂಡ ಮೇಲೆ ಮೆಣಸಿನಲ್ಲಿ ಹುಡುಕಿದರೆ, ಅಲ್ಲಿ ಅದು ಹೇರಳವಾಗಿತ್ತು.

ಒಂದು ಲೀಟರ್ ನೀರಿನಲ್ಲಿ ಗ್ರಾಮಿನ ನೂರು ಕೋಟಿಯ ಭಾಗಗಳಲ್ಲಿ ಎಂಟು ಭಾಗ ರೋಟಂಡೋನ್ ಇದ್ದರೆ ಮೂಗು ಅದನ್ನು ಹಿಡಿಯುತ್ತದೆ. 25 ಲಕ್ಷ ಲೀಟರ್ ಹಿಡಿಯುವ ಈಜುಕೊಳಕ್ಕೆ ಲೆಕ್ಕ ಹಾಕಿದರೆ 20 ಮಿಲಿಗ್ರಾಂ. ಇಷ್ಟು ಚುರುಕಾದ ಮೂಗು ನಮ್ಮದೆಂದು ಹಿಗ್ಗುವ ಮೊದಲು ಅದೇ ಪ್ರಯೋಗದ ಇನ್ನೊಂದು ಫಲಿತಾಂಶವನ್ನೂ ಕೇಳಬೇಕು: ಪರೀಕ್ಷೆಗೆ ಕೂತವರಲ್ಲಿ ಸುಮಾರು ಐವರಿಗೊಬ್ಬರಿಗೆ, ಅಣುವಿನ ಪ್ರಮಾಣವನ್ನು ನೂರಾರು ಪಟ್ಟು ಏರಿಸಿದರೂ ಏನೂ ತಿಳಿಯಲಿಲ್ಲ. ಒಂದೇ ಬಾಟಲಿಯಿಂದ ಬಗ್ಗಿಸಿದ ವೈನ್ ನಿಮಗೆ ಮೆಣಸು, ನಿಮ್ಮ ತಮ್ಮನಿಗೆ ಬರೀ ನೇರಳೆ ಹಣ್ಣು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ವೈನ್ ರುಚಿ ನೋಡುವ ಹವ್ಯಾಸದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಫ್ರಾನ್ಸಿನ ಕೋಟೆಮನೆಗಳಿಂದ ಶುರು ಮಾಡುತ್ತಾರೆ. ನನಗೆ ಅದು ಅನಗತ್ಯ ದಂಡಯಾತ್ರೆ ಅನ್ನಿಸುತ್ತದೆ. ಥಾಣೆ, ಕಲ್ಯಾಣ್, ಡೊಂಬಿವಲಿ, ವಾಶಿಯ ಕನ್ನಡ ಮನೆಗಳಲ್ಲಿ ಹುಣಸೆ, ಮೆಣಸು, ಲವಂಗ, ಮಲ್ಲಿಗೆಯ ನಡುವೆ ಬೆಳೆದ ಮೂಗಿಗೆ ವೈನಿನ ಅರ್ಧ ರಸಾಯನಶಾಸ್ತ್ರ ಆಗಲೇ ಬಂದಿರುತ್ತದೆ. ಕಲಿಯಬೇಕಾದದ್ದು ಎರಡೇ: ತಿಳಿದದ್ದನ್ನು ಹೆಸರಿಟ್ಟು ಕರೆಯುವುದು, ಮತ್ತು ಲೇಬಲ್ ಮುಚ್ಚಿಟ್ಟು ತನ್ನನ್ನೇ ಪರೀಕ್ಷಿಸಿಕೊಳ್ಳುವುದು.

ಮೊದಲು ನಾಲಿಗೆಯ ಪಾಲೆಷ್ಟು, ಮೂಗಿನ ಪಾಲೆಷ್ಟು ಎಂಬ ವ್ಯಾಜ್ಯ ತೀರಿಸೋಣ. ಮೂಗನ್ನು ಬಿಗಿಯಾಗಿ ಹಿಡಿದು ಒಂದು ಏಲಕ್ಕಿ ಕಾಳನ್ನು ಜಗಿಯಿರಿ. ಚೂರು ಕಹಿ, ಚೂರು ತಂಪು, ಅಷ್ಟೇ. ಕೈ ಬಿಟ್ಟ ಕ್ಷಣಕ್ಕೆ ಏಲಕ್ಕಿ ಏಲಕ್ಕಿಯಾಗುತ್ತದೆ. ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ ಇವು ನಾಲಿಗೆಯ ಖಾತೆ. ಉಳಿದ ‘ರುಚಿ’ಯೆಲ್ಲ ಬಾಯಿಯ ಹಿಂಬದಿಯಿಂದ ಮೂಗಿಗೆ ಏರುವ ಆವಿ. ಅಲ್ಲಿ ಸುಮಾರು 400 ಬಗೆಯ ಗ್ರಾಹಕ ಪ್ರೋಟೀನುಗಳು ಕಾದಿರುತ್ತವೆ. ಅವುಗಳ ವಂಶವಾಹಿಗಳನ್ನು 1991ರಲ್ಲಿ ಪತ್ತೆ ಹಚ್ಚಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರ ನೊಬೆಲ್ ಬಂತು. ಒಂದು ಅಣುವಿಗೆ ಒಂದೇ ಗ್ರಾಹಕ ಎಂಬ ಲೆಕ್ಕ ಇಲ್ಲಿಲ್ಲ. ಒಂದೊಂದು ಅಣುವೂ ಹಾರ್ಮೋನಿಯಂ ಮೇಲೆ ಹಲವು ಮನೆಗಳನ್ನು ಒಟ್ಟಿಗೆ ಒತ್ತಿದಂತೆ ಹಲವು ಗ್ರಾಹಕಗಳನ್ನು ಎಬ್ಬಿಸುತ್ತದೆ. ಆ ಕೂಡುಸ್ವರವನ್ನು ಮಿದುಳು ಒಂದು ವಾಸನೆಯೆಂದು ಗುರುತಿಸುತ್ತದೆ.

ಗ್ಲಾಸಿನಲ್ಲಿ ಮೂರನೆಯ ಒಂದು ಭಾಗ ಮಾತ್ರ ಸುರಿದು ತಿರುಗಿಸುವ ಶಾಸ್ತ್ರಕ್ಕೂ ಇದೇ ಕಾರಣ. ತಿರುಗಿಸಿದಾಗ ವೈನ್ ಗಾಜಿನ ಒಳಗೋಡೆಗೆ ತೆಳ್ಳಗೆ ಹರಡಿ, ಆವಿಯಾಗಲು ಹೆಚ್ಚು ಜಾಗ ಸಿಗುತ್ತದೆ. ಮೇಲಿನ ಖಾಲಿ ಜಾಗ ಆ ಆವಿಯನ್ನು ಹಿಡಿದಿಡುತ್ತದೆ. ಬಾಯಿ ಕಿರಿದಾದ ಗ್ಲಾಸೇ ಬೇಕು. ಅಗಲ ಬಾಯಿಯ ಸ್ಟೀಲ್ ಲೋಟದಲ್ಲಿ ಸುರಿದರೆ ವೈನಿನ ಅರ್ಧ ಸಂಪತ್ತು ಫ್ಯಾನಿನ ಗಾಳಿಗೆ ಹೋಗುತ್ತದೆ. ತಿರುಗಿಸಿ ನಿಲ್ಲಿಸಿದ ಮೇಲೆ ಗಾಜಿನ ಮೇಲಿಂದ ಹನಿಗಳು ಕಾಲು ಬಿಟ್ಟುಕೊಂಡು ಇಳಿಯುತ್ತವೆ. ‘ನೋಡಿ, ಎಷ್ಟು ಒಳ್ಳೇ ವೈನು’ ಎಂದು ಪಾರ್ಟಿಗಳಲ್ಲಿ ಯಾರಾದರೂ ಹೇಳಿದರೆ ಸುಮ್ಮನೆ ತಲೆಯಾಡಿಸಿ. ಅಂಚಿನ ತೆಳು ಪದರದಿಂದ ಆಲ್ಕೋಹಾಲ್ ಬೇಗ ಆರಿ, ಅಲ್ಲಿ ಉಳಿದ ನೀರಿನ ಮೇಲ್ಮೈ ಎಳೆತ ಹೆಚ್ಚಾಗಿ, ಕೆಳಗಿನ ದ್ರವವನ್ನು ಮೇಲಕ್ಕೆ ಸೆಳೆಯುತ್ತದೆ. ಭಾರವಾದದ್ದು ಹನಿಗಟ್ಟಿ ಇಳಿಯುತ್ತದೆ. 1855ರಲ್ಲಿ ಇದನ್ನು ವಿವರಿಸಿದ್ದು ಜೇಮ್ಸ್ ಥಾಮ್ಸನ್, ಲಾರ್ಡ್ ಕೆಲ್ವಿನ್ನನ ಅಣ್ಣ. ಹೆಸರು ಮಾತ್ರ ಇಟಲಿಯ ಮಾರಂಗೋನಿಗೆ ಹೋಯಿತು. ಆ ಹನಿಗಳು ಆಲ್ಕೋಹಾಲಿನ ಬಗ್ಗೆ ಏನಾದರೂ ಹೇಳಬಹುದು, ಗುಣದ ಬಗ್ಗೆ ಏನೂ ಹೇಳುವುದಿಲ್ಲ.

ಈಗ ದ್ರಾಕ್ಷಿಗೆ ಬರೋಣ. ಜನವರಿಯಿಂದ ಏಪ್ರಿಲ್‌ವರೆಗೆ ವಾಶಿಯ ಎಪಿಎಂಸಿ ಹಣ್ಣಿನ ಮಾರುಕಟ್ಟೆಗೆ ಹೋದರೆ ನಾಸಿಕ್, ಸಾಂಗ್ಲಿ, ಸೋಲಾಪುರ ಕಡೆಯ ದ್ರಾಕ್ಷಿ ಪೆಟ್ಟಿಗೆಗಳು ಮಾಳಿಗೆಯೆತ್ತರಕ್ಕೆ ಪೇರಿಸಿರುತ್ತವೆ. ಬಹುಪಾಲು ಥಾಮ್ಸನ್ ಸೀಡ್‌ಲೆಸ್ ಮತ್ತು ಅದರ ಬಳಗ: ಉದ್ದನೆಯ, ತೆಳು ಸಿಪ್ಪೆಯ, ಬೀಜವಿಲ್ಲದ ಹಣ್ಣು. ತಿನ್ನಲು ಸೊಗಸು, ವೈನಿಗೆ ಮಾತ್ರ ಅಷ್ಟಕ್ಕಷ್ಟೆ. ವೈನಿನ ದ್ರಾಕ್ಷಿ ಗಾತ್ರದಲ್ಲಿ ಪುಟ್ಟದು, ಸಿಪ್ಪೆ ದಪ್ಪ, ಒಳಗೆ ಬೀಜ. ಬಣ್ಣ, ಒಗರು, ಪರಿಮಳದ ಬಹುಭಾಗ ಇರುವುದು ಸಿಪ್ಪೆಯಲ್ಲೇ. ಹಣ್ಣು ಚಿಕ್ಕದಾದಷ್ಟೂ ರಸಕ್ಕೆ ಸಿಗುವ ಸಿಪ್ಪೆಯ ಪಾಲು ಹೆಚ್ಚು. ಸಕ್ಕರೆಯೂ ಜಾಸ್ತಿ ಬೇಕು. ಒಂದು ಲೀಟರ್ ರಸದಲ್ಲಿರುವ ಸುಮಾರು 17 ಗ್ರಾಂ ಸಕ್ಕರೆಯನ್ನು ಯೀಸ್ಟ್ ತಿಂದರೆ ಶೇಕಡಾ 1ರಷ್ಟು ಆಲ್ಕೋಹಾಲ್ ಹುಟ್ಟುತ್ತದೆ. 13 ಪರ್ಸೆಂಟ್ ವೈನಿಗೆ ಬೇಕಾದ ಸಕ್ಕರೆ ಎಷ್ಟೆಂದು ಗುಣಿಸಿ ನೋಡಿ, ಮಾರುಕಟ್ಟೆಯ ದ್ರಾಕ್ಷಿ ಅಲ್ಲಿಗೆ ಯಾಕೆ ಮುಟ್ಟುವುದಿಲ್ಲವೆಂದು ತಿಳಿಯುತ್ತದೆ.

ನಾಸಿಕ್‌ನಲ್ಲಿ ಆಗುವ ವೈನ್ ದ್ರಾಕ್ಷಿ ಕಲ್ಯಾಣಿನಲ್ಲಿ ಯಾಕೆ ಆಗುವುದಿಲ್ಲ? ಉತ್ತರ ಬೇಕಿದ್ದರೆ ಡಿಸೆಂಬರಿನ ಒಂದು ಬೆಳಿಗ್ಗೆ ಕಲ್ಯಾಣಿನಲ್ಲಿ ನಾಸಿಕ್ ರೋಡ್ ಕಡೆಯ ಗಾಡಿ ಹತ್ತಿ. ಕಸಾರಾದವರೆಗೆ ಅದೇ ಲೋಕಲ್ ಗಾಡಿಗಳ ಲೋಕ. ಅಲ್ಲಿಂದ ಗಾಡಿಗೆ ಹೆಚ್ಚುವರಿ ಎಂಜಿನ್ ಜೋಡಿಸುತ್ತಾರೆ; 37 ಅಡಿಗೆ 1 ಅಡಿ ಏರುವ ಥಳ್ ಘಾಟ್ ಶುರು. ಇಗತ್‌ಪುರಿಯಲ್ಲಿ ಬಾಗಿಲ ಬಳಿ ನಿಂತವರು ಶಾಲು ಎಳೆದುಕೊಳ್ಳುತ್ತಾರೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ ಬಂದಿರುತ್ತೇವೆ. ನಾಸಿಕ್ ಜಿಲ್ಲೆಯಲ್ಲಿ ಚಳಿಗಾಲದ ರಾತ್ರಿ 10 ಡಿಗ್ರಿಗೂ ಕೆಳಗಿಳಿಯುವುದುಂಟು, ಹಗಲು 28–30ಕ್ಕೆ ಏರುತ್ತದೆ. ಈ ವ್ಯತ್ಯಾಸವೇ ಬಳ್ಳಿಗೆ ಬಂಡವಾಳ.

ದ್ರಾಕ್ಷಿಯಲ್ಲಿ ಎರಡು ಮುಖ್ಯ ಆಮ್ಲಗಳಿವೆ. ಮಾಲಿಕ್ ಆಮ್ಲ ಸೇಬಿನಲ್ಲಿರುವಂಥದ್ದು; ಕಾಯಿ ಹಣ್ಣಾಗುವಾಗ ಅದನ್ನು ಉಸಿರಾಟಕ್ಕೆ ಉರುವಲಾಗಿ ಬಳಸುತ್ತದೆ. ರಾತ್ರಿ ಸೆಕೆಯಿದ್ದರೆ ಉಸಿರಾಟ ನಿಲ್ಲದೆ ಹುಳಿಯೆಲ್ಲ ಉರಿದುಹೋಗಿ, ಸಿಹಿಯಾದರೂ ಸಪ್ಪೆಯಾದ ರಸ ಉಳಿಯುತ್ತದೆ. ತಂಪು ರಾತ್ರಿ ಹುಳಿಯನ್ನು ಕಾಯುತ್ತದೆ. ಇನ್ನೊಂದು ಟಾರ್ಟಾರಿಕ್ ಆಮ್ಲ. ಹಣ್ಣುಗಳಲ್ಲಿ ಇದನ್ನು ಗಣನೀಯವಾಗಿ ಕೂಡಿಡುವವು ಬೆರಳೆಣಿಕೆಯವು. ದ್ರಾಕ್ಷಿ ಒಂದು, ನಮ್ಮ ಹುಣಸೆ ಇನ್ನೊಂದು. ಬಿಳಿ ವೈನಿನ ಮೊದಲ ಗುಟುಕಿಗೆ ಕೆನ್ನೆಯ ಒಳಬದಿಯಲ್ಲಿ ನೀರೂರಿದಾಗ ಅದು ಪರಕೀಯ ಅನುಭವ ಎಂದು ಸಾರಿನ ಮನೆಯವರು ಹೇಳುವಂತಿಲ್ಲ.

ಇಲ್ಲಿನ ಬೇಸಾಯದಲ್ಲಿ ಇನ್ನೂ ಒಂದು ಸೋಜಿಗವಿದೆ. ಯುರೋಪಿನಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಕೊಯ್ಲು. ದಖ್ಖನಿನಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಬಿಟ್ಟರೆ ಮಳೆಗಾಲದಲ್ಲಿ ಹಣ್ಣು ಬಿಟ್ಟು ಕೊಳೆತುಹೋಗುತ್ತದೆ. ಆದ್ದರಿಂದ ವರ್ಷಕ್ಕೆರಡು ಸಲ ಕತ್ತರಿ. ಏಪ್ರಿಲ್ ಹೊತ್ತಿಗೆ ಖರಡ ಛಾಟಣಿ, ಮಳೆ ಮುಗಿಯುತ್ತಿದ್ದಂತೆ ಗೋಡಿ ಛಾಟಣಿ. ವಿಜಯಪುರದ ನಮ್ಮ ದ್ರಾಕ್ಷಿ ರೈತರು ಎರಡನ್ನೂ ‘ಚಾಟ್ನಿ’ ಎಂದೇ ಕರೆಯುತ್ತಾರೆ. ಮೊದಲನೆಯದು ಬಳ್ಳಿಯ ಮೈ ಕಟ್ಟಲು, ಎರಡನೆಯದು ಹಣ್ಣಿಗಾಗಿ. ಹೀಗೆ ಕೊಯ್ಲನ್ನು ಜನವರಿ–ಮಾರ್ಚಿಗೆ ತಳ್ಳಿ, ಹಣ್ಣು ಮಾಗುವ ಕಾಲ ಒಣ ಚಳಿಯ ಕಾಲವೇ ಆಗುವಂತೆ ಮಾಡಿದ್ದಾರೆ.

ಆಧುನಿಕ ಭಾರತೀಯ ವೈನಿನ ಕಥೆ ನಾಸಿಕ್‌ನಲ್ಲಿ ಶುರುವಾದದ್ದೂ ಅಲ್ಲ. ನಾರಾಯಣಗಾಂವ್‌ನಲ್ಲಿ ಶಾಮರಾವ್ ಚೌಗುಲೆ ಅವರ ಷಾತೋ ಇಂಡೇಜ್ 1980ರ ದಶಕದಲ್ಲಿ ನೊರೆವೈನ್ ಮಾಡಿತು. ನಂದಿ ಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಬಳಿ ಕನ್ವಲ್ ಗ್ರೋವರ್ 1988ರಲ್ಲಿ ಫ್ರೆಂಚ್ ತಳಿಗಳ ತೋಟ ಕಟ್ಟಿ 1992ರಲ್ಲಿ ಮೊದಲ ವೈನ್ ಹೊರತಂದರು. ಸ್ಟ್ಯಾನ್‌ಫರ್ಡ್‌ನಲ್ಲಿ ಓದಿ ಬಂದ ರಾಜೀವ್ ಸಾಮಂತ್ ಗಂಗಾಪುರ ಅಣೆಕಟ್ಟಿನ ಬಳಿ ಹಾಕಿದ ತೋಟದಿಂದ ಸುಲಾ ವೈನ್ 2000ದಲ್ಲಿ ಬಂತು: ಶೆನಿನ್ ಬ್ಲಾಂಕ್, ಸೊವಿನ್ಯೋ ಬ್ಲಾಂಕ್. 2001ರಲ್ಲಿ ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ಸಂಸ್ಕರಣೆಯ ನೀತಿ ಪ್ರಕಟಿಸಿದ ಮೇಲೆ ದಿಂಡೋರಿ, ಇಗತ್‌ಪುರಿ ಸುತ್ತ ವೈನರಿಗಳು ಎದ್ದವು. ಡೊಂಬಿವಲಿಯವರಿಗೆ ಇದು ಹೊರನಾಡಿನ ಪುಣ್ಯ: ನನ್ನ ಬೆಂಗಳೂರಿನ ಬಂಧುಗಳಿಗೆ ನಂದಿ ಎಷ್ಟು ಸುಲಭವೋ ನಮಗೆ ನಾಸಿಕ್ ಅಷ್ಟೇ ಸುಲಭ. ಈಗ ಭಿವಂಡಿ ಪಕ್ಕದ ಆಮನೆಯಿಂದ ಸಮೃದ್ಧಿ ಹೆದ್ದಾರಿಯೂ 2025ರಲ್ಲಿ ತೆರೆದಿದೆ. ಆದರೂ ರೈಲೇ ವಾಸಿ. ರುಚಿ ನೋಡಿ ಸ್ಟೀರಿಂಗ್ ಹಿಡಿಯುವಂತಿಲ್ಲ.

ಕಲ್ಯಾಣಿಗೆ ಮಾತ್ರ ವೈನಿನ ನಂಟು ಇವರೆಲ್ಲರಿಗಿಂತ ಹಳೆಯದು. ಕ್ರಿಸ್ತಶಕ ಮೊದಲ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ನೌಕಾ ವ್ಯಾಪಾರದ ಕೈಪಿಡಿ ‘ಪೆರಿಪ್ಲಸ್’ ಹೆಸರಿಸುವ ಕಲ್ಲಿಯೇನ ಬಂದರು ಇದೇ ಕಲ್ಯಾಣ್. ಪಶ್ಚಿಮದಿಂದ ಭರೂಚಿಗೆ ಬರುತ್ತಿದ್ದ ಸರಕಿನ ಪಟ್ಟಿಯಲ್ಲಿ ವೈನ್ ಇದೆ; ಇಟಲಿಯದಕ್ಕೆ ಹೆಚ್ಚು ಬೇಡಿಕೆ, ಆಮೇಲೆ ಲಾವೊಡಿಸಿಯ ಮತ್ತು ಅರೇಬಿಯದ್ದು. ಕಲ್ಯಾಣಿಗೆ ತಪ್ಪಿ ಬಂದ ಗ್ರೀಕ್ ಹಡಗುಗಳನ್ನು ಕಾವಲಿಟ್ಟು ಭರೂಚಿಗೆ ಕಳಿಸುತ್ತಿದ್ದರಂತೆ. ಸರಕು ಊರ ಬಾಗಿಲಿಗೆ ಬಂದರೂ ಕೈಗೆ ಸಿಗದ ಸಂಕಟ ಕಲ್ಯಾಣದವರಿಗೆ ಹೊಸದಲ್ಲ. ನವಿ ಮುಂಬಯಿಯ ಎದುರಿನ ಘಾರಾಪುರಿ, ಅಂದರೆ ಎಲಿಫೆಂಟಾ ದ್ವೀಪದ ತೀರದಲ್ಲಿ ಆಗಿನ ಮಣ್ಣಿನ ಜಾಡಿಗಳಾದ ಆಂಫೊರಾಗಳ ಚೂರುಗಳು ಸಿಕ್ಕಿವೆ. ಅಂಥ ಜಾಡಿಗಳಿಗೆ ಒಳಗಡೆ ರಾಳವನ್ನೋ ಡಾಂಬರಿನಂಥದ್ದನ್ನೋ ಬಳಿಯುತ್ತಿದ್ದರು. ಆ ವೈನಿನ ವಾಸನೆ ಇವತ್ತಿನ ನಮ್ಮ ಮೂಗಿಗೆ ಹಿಡಿಸುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ವಾಸನೆಗೆ ಹೆಸರು ಹುಡುಕುವುದು ಕಷ್ಟ ಎಂಬುದು ಎಲ್ಲರ ಅನುಭವ. ‘ಗೊತ್ತಿದೆ, ಆದರೆ ಬಾಯಿಗೆ ಬರ್ತಾ ಇಲ್ಲ ಮಾರಾಯ್ರೆ’ ಎಂಬ ಮಾತು ನಮ್ಮ ಗೆಳೆಯರ ಕೂಟದಲ್ಲಿ ಸುತ್ತಿಗೊಮ್ಮೆ ಬರುತ್ತದೆ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಆನ್ ನೋಬಲ್ 1984ರಲ್ಲಿ ಇದಕ್ಕೊಂದು ಉಪಾಯ ಮಾಡಿದರು: ‘ಭವ್ಯ’, ‘ಸುಸಂಸ್ಕೃತ’ ಮೊದಲಾದ ಅಳೆಯಲಾಗದ ವಿಶೇಷಣಗಳನ್ನೆಲ್ಲ ತೆಗೆದು, ಅಂಗಡಿಯಿಂದ ತಂದು ಮೂಗಿಗೆ ಹಿಡಿಯಬಹುದಾದ ಪದಾರ್ಥಗಳ ಹೆಸರನ್ನಷ್ಟೇ ಜೋಡಿಸಿದ ಪದಕೋಶ. ಅದನ್ನು ಚಕ್ರದ ಆಕಾರದಲ್ಲಿ ಮುದ್ರಿಸಿದರು. ಚಕ್ರದ ತುಂಬ ಬ್ಲ್ಯಾಕ್‌ಬೆರಿ, ಕಸ್ಸಿಸ್. ಹಿಂದೆಂದೂ ತಿನ್ನದ ಹಣ್ಣನ್ನು ನೆನಪಿಸಿಕೊಳ್ಳಲು ಹೇಳಿದರೆ ನಮ್ಮವರೇನು ಮಾಡಬೇಕು?

ಅಡುಗೆಮನೆಗೆ ಹೋಗಬೇಕು. ಸೊವಿನ್ಯೋ ಬ್ಲಾಂಕ್‌ನಲ್ಲಿ ಕತ್ತರಿಸಿದ ದೊಣ್ಣೆಮೆಣಸಿನ ಹಸಿ ವಾಸನೆ ಬಂದರೆ ಅದು ಮೆಥಾಕ್ಸಿಪೈರಜೀನ್. ದೊಣ್ಣೆಮೆಣಸಿನಲ್ಲಿರುವುದೂ ಅದೇ ಅಣು. ಹಣ್ಣು ಬಿಸಿಲು ಕಂಡಷ್ಟೂ ಕಡಿಮೆಯಾಗುತ್ತದೆ. ಅದೇ ವೈನಿನಲ್ಲಿ ಸೀಬೆಹಣ್ಣು ಕಂಡರೆ ಗಂಧಕವಿರುವ ಥಯಾಲ್‌ಗಳು ಕಾರಣ, ಅವು ಕೆಂಪು ಸೀಬೆಯಲ್ಲೂ ಇವೆ. ಗೆವುರ್ಟ್ಸ್‌ಟ್ರಾಮಿನರ್ ಎಂಬ ಬಾಯಿ ತಿರುಗದ ಹೆಸರಿನ ತಳಿಯಲ್ಲಿ ಲಿಚಿ ವಾಸನೆ ಬರುವುದಕ್ಕೂ ಲಿಚಿಗೆ ಗುಲಾಬಿಯ ಛಾಯೆ ಇರುವುದಕ್ಕೂ ರೋಸ್ ಆಕ್ಸೈಡ್ ಒಂದೇ ಉತ್ತರ. ಮಸ್ಕಟ್ ದ್ರಾಕ್ಷಿಯ ಲಿನಲೂಲ್ ಕೊತ್ತಂಬರಿ ಬೀಜದಲ್ಲಿದೆ. ಓಕ್ ಪೀಪಾಯಿಯಲ್ಲಿ ಇಟ್ಟ ವೈನಿಗೆ ಮರದಿಂದ ವೆನಿಲಿನ್ ಬರುತ್ತದೆ. ಯೂಜಿನಾಲ್ ಬರುತ್ತದೆ, ಅದು ಲವಂಗದ ಜೀವಾಳ. ಅಮೆರಿಕದ ಓಕ್ ಆದರೆ ಕೊಬ್ಬರಿ ವಾಸನೆಯ ಲ್ಯಾಕ್ಟೋನ್ ಧಾರಾಳ. ಇನ್ನು ಕೆಲವು ವೈನುಗಳಲ್ಲಿ ಬ್ಯಾಕ್ಟೀರಿಯಾ ಮಾಲಿಕ್ ಆಮ್ಲವನ್ನು ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುತ್ತವೆ. ಮೊಸರಿನ ಹುಳಿಯೂ ಲ್ಯಾಕ್ಟಿಕ್ಕೇ. ಜೊತೆಗೆ ಹುಟ್ಟುವ ಡೈಅಸಿಟೈಲ್‌ನಿಂದ ಬೆಣ್ಣೆಯ ವಾಸನೆ.

ಬೆಂಗಳೂರು ಬ್ಲೂ ದ್ರಾಕ್ಷಿಯ ವಿಷಯ ಇಲ್ಲಿ ಹೇಳದೆ ಹೋದರೆ ತವರಿಗೆ ಅನ್ಯಾಯ. ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಈ ಕಪ್ಪು ಹಣ್ಣಿಗೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಇದು ಅಮೆರಿಕದ ಲಾಬ್ರುಸ್ಕ ಜಾತಿಯ ರಕ್ತವುಳ್ಳ ತಳಿ. ಆ ವಂಶದ ದ್ರಾಕ್ಷಿಗಳ ವಿಶಿಷ್ಟ ಕಂಪಿಗೆ ಮೀಥೈಲ್ ಆಂತ್ರನಿಲೇಟ್ ಒಂದು ಮುಖ್ಯ ಕಾರಣ. ಯುರೋಪಿನ ರಸಿಕರು ಅದನ್ನು ನರಿಯ ವಾಸನೆಯೆಂದು ಮೂಗು ಮುರಿಯುತ್ತಾರೆ. ಆದರೆ ಅದೇ ಅಣು ಮಲ್ಲಿಗೆಯ ಪರಿಮಳದಲ್ಲೂ ಒಂದು ಪಾಲುದಾರ. ಒಬ್ಬರಿಗೆ ನರಿ, ಇನ್ನೊಬ್ಬರಿಗೆ ಜಡೆಯ ಮಲ್ಲಿಗೆ. ಈ ಹಣ್ಣಿನಿಂದ ಅಗ್ಗದ ಸಿಹಿ ವೈನ್ ಬಿಟ್ಟು ಬೇರೆ ಒಳ್ಳೆಯದನ್ನು ಮಾಡಲಾಗದೆಂದು ನಾನು ಪೂರ್ತಿ ಒಪ್ಪಿಲ್ಲ.

ಇಲ್ಲಿಯವರೆಗೆ ಮೂಗನ್ನು ಹೊಗಳಿದ್ದಾಯಿತು. ಈಗ ಅದರ ಮಾನ ಕಳೆಯುವ ಸರದಿ. 2001ರಲ್ಲಿ ಫ್ರಾನ್ಸಿನ ಮೊರೊ, ಬ್ರೊಷೆ, ದುಬುರ್ದಿಯು ಎಂಬ ಮೂವರು ಒಂದು ಪ್ರಯೋಗ ಪ್ರಕಟಿಸಿದರು. ಬೋರ್ಡೋದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅವರು ಅದರ ವಾಸನೆಯನ್ನು ಕೆಂಪು ವೈನಿಗೆ ಬಳಸುವ ಪದಗಳಲ್ಲಿ ವರ್ಣಿಸಿದರು. ಕಣ್ಣು ಕೆಂಪು ಅಂದಿತು, ಮೂಗು ಹೌದಪ್ಪ ಅಂದಿತು. 2008ರಲ್ಲಿ ಕ್ಯಾಲ್‌ಟೆಕ್‌ನ ತಂಡ ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ವೈನ್ ಕುಡಿಸಿತು. ಅದೇ ವೈನಿಗೆ ಹೆಚ್ಚು ಬೆಲೆ ಹೇಳಿದಾಗ ಜನ ‘ಇದು ಚೆನ್ನಾಗಿದೆ’ ಎಂದದ್ದು ಬಾಯಿಮಾತಿಗಷ್ಟೇ ಅಲ್ಲ, ಮಿದುಳಿನಲ್ಲಿ ಸುಖವನ್ನು ಲೆಕ್ಕ ಹಾಕುವ ಭಾಗವೂ ಹೆಚ್ಚು ಚುರುಕಾಗಿತ್ತು. ಅಂದರೆ ಬೆಲೆಯ ಚೀಟಿ ರುಚಿಯ ಒಂದು ಮಸಾಲೆಯೇ. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ, ಲೇಬಲ್ ಮುಚ್ಚಿದ 6 ಸಾವಿರಕ್ಕೂ ಹೆಚ್ಚು ರುಚಿ ಪರೀಕ್ಷೆಗಳನ್ನು ಕೂಡಿಸಿ ನೋಡಿತು: ತರಬೇತಿಯಿಲ್ಲದ ಜನ ದುಬಾರಿ ವೈನನ್ನು ಹೆಚ್ಚು ಮೆಚ್ಚಲಿಲ್ಲ, ಒಂದು ಕೂದಲೆಳೆ ಕಡಿಮೆಯೇ ಮೆಚ್ಚಿದರು.

ತೀರ್ಪುಗಾರರಾದರೂ ಪಾರಾದರೇ? ರಾಬರ್ಟ್ ಹಾಡ್ಜ್‌ಸನ್ ಕ್ಯಾಲಿಫೋರ್ನಿಯಾ ಸ್ಟೇಟ್ ಫೇರ್ ಸ್ಪರ್ಧೆಯಲ್ಲಿ ಒಂದೇ ಬಾಟಲಿಯ ವೈನನ್ನು ಮೂರು ಸಲ, ಬೇರೆ ಬೇರೆ ಗುರುತಿನಲ್ಲಿ ಅದೇ ತೀರ್ಪುಗಾರರ ಮುಂದಿಟ್ಟರು. ಮೂರೂ ಸಲ ಒಂದೇ ದರ್ಜೆಯೊಳಗೆ ಅಂಕ ಕೊಟ್ಟವರು ಹತ್ತರಲ್ಲಿ ಒಬ್ಬರಷ್ಟೇ. ಇದನ್ನೋದಿ ಕೆಲವರು ವೈನ್ ರಸಿಕತೆಯೇ ಬೊಗಳೆ ಎಂದು ತೀರ್ಮಾನಿಸಿದ್ದಾರೆ. ಆ ತೀರ್ಮಾನ ಅವಸರದ್ದು. ಒಂದೇ ದಿನದಲ್ಲಿ ಹತ್ತಾರು ವೈನ್ ಮೂಸಿದ ಮೂಗು ದಣಿಯುತ್ತದೆ, ಹಿಂದಿನ ಗ್ಲಾಸು ಮುಂದಿನದನ್ನು ಕೆಡಿಸುತ್ತದೆ. ಅಂಕ ಕೊಡುವುದು ಒಂದು ಕೆಲಸ, ವ್ಯತ್ಯಾಸ ಕಾಣುವುದು ಬೇರೆಯೇ ಕೆಲಸ. ಎರಡನೆಯದನ್ನು ಮನೆಯಲ್ಲೇ ಅಳೆಯಬಹುದು.

1920ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಮ್ಯುರಿಯೆಲ್ ಬ್ರಿಸ್ಟಲ್ ಎಂಬ ವಿಜ್ಞಾನಿ, ಕಪ್ಪಿಗೆ ಹಾಲು ಮೊದಲು ಸುರಿದರೋ ಚಹಾ ಮೊದಲೋ ಎಂಬುದನ್ನು ಕುಡಿದೇ ಹೇಳಬಲ್ಲೆ ಎಂದರಂತೆ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ ಎಂಟು ಕಪ್ಪು ಇಟ್ಟು ಪರೀಕ್ಷಿಸುವ ವಿಧಾನ ರೂಪಿಸಿದರು. ಊಹೆಯಿಂದಲೇ ಎಂಟೂ ಸರಿಯಾಗುವ ಸಾಧ್ಯತೆ 70ರಲ್ಲಿ 1. 1935ರ ಅವರ ಪುಸ್ತಕದ ಮೂಲಕ ಈ ಚಹಾ ಪ್ರಯೋಗ ವಿಜ್ಞಾನದ ಪಾಠವಾಯಿತು. ವೈನಿಗೆ ಅದಕ್ಕಿಂತ ಸುಲಭದ್ದು ತ್ರಿಕೋನ ಪರೀಕ್ಷೆ. ಎರಡು ಬಾಟಲಿ, ಮೂರು ಗ್ಲಾಸು. ಎರಡು ಗ್ಲಾಸಿನಲ್ಲಿ ಒಂದೇ ವೈನು, ಮೂರನೆಯದರಲ್ಲಿ ಬೇರೆಯದು. ‘ಬೇರೆಯವನು ಯಾರು?’ ಎಂಬುದೊಂದೇ ಪ್ರಶ್ನೆ. ಕಣ್ಣು ಮುಚ್ಚಿ ಹೇಳಿದರೂ ಮೂರಕ್ಕೊಂದು ಸಲ ಸರಿಯಾಗುತ್ತದೆ. ಐದು ಸುತ್ತಿನಲ್ಲಿ ನಾಲ್ಕಾದರೂ ಸರಿಯಾದರೆ, ಅದು ಬರೀ ಅದೃಷ್ಟದಿಂದ ಆಗಿರುವ ಸಾಧ್ಯತೆ 243ರಲ್ಲಿ 11, ಅಂದರೆ ಶೇಕಡಾ 5ಕ್ಕೂ ಕಡಿಮೆ. ಬಣ್ಣ ಕಾಣದಂತೆ ಗ್ಲಾಸಿಗೆ ಫಾಯಿಲ್ ಸುತ್ತಿ. ಸುರಿದವರು ಎದುರು ನಿಲ್ಲಬಾರದು, ಅವರ ಮುಖವೇ ಉತ್ತರ ಹೇಳಿಬಿಡುತ್ತದೆ. ಅವತ್ತು ಊದಿನಕಡ್ಡಿ ಬೇಡ, ಅತ್ತರು ಬೇಡ. ಪಕ್ಕದ ಫ್ಲ್ಯಾಟಿನವರು ಬೊಂಬಿಲ್ ಹುರಿಯುತ್ತಿದ್ದರೆ ಆಟ ಮುಂದೂಡುವುದು ಮೇಲು.

ನಮ್ಮ ಕೂಟದಲ್ಲಿ ಈ ಪರೀಕ್ಷೆಯಿಂದ ಮುಖ ಸಣ್ಣದಾದವರು ಹೆಚ್ಚು ಓದಿಕೊಂಡವರೇ. ರೋಟಂಡೋನ್ ತಿಳಿಯದ ಒಬ್ಬರಿದ್ದಾರೆ, ಕಲ್ಯಾಣಿನವರು. ಮೆಣಸಿನ ವಾಸನೆಯ ಚರ್ಚೆ ಬಂದಾಗ ‘ಇದೆಲ್ಲ ನಿಮ್ಮ ಭ್ರಮೆ ಅಕ್ಕ’ ಎಂದು ನಗುತ್ತಾರೆ. ಆದರೆ ಹುಳಿಯ ಸೂಕ್ಷ್ಮದಲ್ಲಿ ಅವರನ್ನು ಮೀರಿಸುವವರಿಲ್ಲ. ಒಂದು ಕಾಲದಲ್ಲಿ ಅವರ ಮನೆಯ ಸಾರಿನ ಹದ ನೋಡುತ್ತಿದ್ದವರು ಅವರೇ ಅಂತೆ.

ನಮ್ಮ ಊರುಗಳ ಹವೆ ವೈನಿಗೆ ಶತ್ರು. ಪುಸ್ತಕಗಳು ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಿ ಎನ್ನುತ್ತವೆ. ಆ ಕೋಣೆ 16–18 ಡಿಗ್ರಿಯ ಹಳೆಯ ಯುರೋಪಿನ ಕೋಣೆ. ಮೇ ತಿಂಗಳ ಥಾಣೆಯ ಕೋಣೆಯಲ್ಲಿ ಆಲ್ಕೋಹಾಲ್ ಮೊದಲು ಆವಿಯಾಗಿ ಮೂಗಿಗೆ ಚುಚ್ಚುತ್ತದೆ, ಪರಿಮಳ ಹಿಂದೆ ಬೀಳುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಗಳ ವೇಗ ಹೆಚ್ಚುಕಡಿಮೆ ಇಮ್ಮಡಿ. ಅಟ್ಟದ ಮೇಲೆ ಇಟ್ಟ ಬಾಟಲಿ ಒಂದೇ ಬೇಸಿಗೆಯಲ್ಲಿ ಮುದಿಯಾಗುತ್ತದೆ. ಕೆಂಪಾದರೂ ಫ್ರಿಜ್ಜಿನಲ್ಲಿಟ್ಟು, ಕುಡಿಯುವ ಅರ್ಧ ಗಂಟೆ ಮೊದಲು ಹೊರತೆಗೆಯುವುದೇ ನಮಗೆ ಸರಿ. ಅಂಗಡಿಯಲ್ಲಿ ಬಿಸಿಲು ಬೀಳುವ ಗಾಜಿನ ಕಪಾಟಿನ ಬಾಟಲಿ ಬೇಡ. ‘ವೈನ್ಸ್’ ಎಂದು ಬೋರ್ಡ್ ಹಾಕಿಕೊಂಡ ನಮ್ಮ ಅಂಗಡಿಗಳಲ್ಲಿ ವಿಸ್ಕಿಗೆ ಮುಂದಿನ ಸಾಲು, ವೈನಿಗೆ ಧೂಳಿನ ಮೂಲೆ ಎಂಬುದು ಬೇರೆ ಮಾತು.

ಮಳೆಗಾಲದಲ್ಲಿ ಬೀರುವಿನೊಳಗಿನ ಬಟ್ಟೆಗೆ ಬರುವ ಮುಗ್ಗಲು ವಾಸನೆ ವೈನಿನಲ್ಲಿ ಬಂದರೆ ಕಾರ್ಕು ಕೆಟ್ಟಿದೆ ಎಂದರ್ಥ. ಬೂಷ್ಟು ಹುಟ್ಟಿಸುವ ಟಿಸಿಎ ಎಂಬ ಅಣು ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ವೈನ್ ಹಾಳು. 2013ರಲ್ಲಿ ಜಪಾನಿನ ಸಂಶೋಧಕರು ಇದರ ಇನ್ನೊಂದು ಕಿತಾಪತಿ ತೋರಿಸಿದರು: ಈ ಅಣು ತಾನು ನಾರುವುದಕ್ಕಿಂತ ಹೆಚ್ಚಾಗಿ ವಾಸನೆಯ ನರಕೋಶಗಳ ಬಾಗಿಲನ್ನೇ ಮುಚ್ಚಿ ಬೇರೆ ಪರಿಮಳಗಳನ್ನು ಅಡಗಿಸುತ್ತದೆ. ತಿರುಪಿನ ಮುಚ್ಚಳವೆಂದರೆ ಕೀಳು ವೈನ್ ಎಂದುಕೊಳ್ಳುವವರಿಗೆ ಇದನ್ನು ಹೇಳಬೇಕು.

ಆಲ್ಕೋಹಾಲ್ ಕ್ಯಾನ್ಸರಿಗೆ ಕಾರಣವಾಗುವ ಪದಾರ್ಥ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ವರ್ಗೀಕರಿಸಿದೆ. ಸುರಕ್ಷಿತ ಪ್ರಮಾಣವೆಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಕೆಂಪು ವೈನ್ ಹೃದಯಕ್ಕೆ ಔಷಧ ಎಂಬ ವಾಟ್ಸ್ಯಾಪ್ ಸಂದೇಶವನ್ನು ನಾನು ಮುಂದೆ ಕಳಿಸುವುದಿಲ್ಲ. ವೃತ್ತಿಪರರು ಉಗುಳುತ್ತಾರೆ. ಎಲೆಅಡಿಕೆಯ ಮನೆಗಳಿಂದ ಬಂದ ನಮಗೆ ಪೀಕದಾನಿ ಅವಮಾನದ ವಸ್ತುವೇನಲ್ಲ. ವಾಸನೆ ಹಿಡಿಯಲು ನುಂಗಲೇಬೇಕೆಂದಿಲ್ಲ.

ಅಡಿಕೆಯ ಮಾತು ಬಂತಲ್ಲ, ಒಗರಿನ ಲೆಕ್ಕವನ್ನೂ ಮುಗಿಸೋಣ. ಕೆಂಪು ವೈನ್ ಕುಡಿದಾಗ ನಾಲಿಗೆ ಒಣಗಿದಂತೆ ಆಗುವುದು ರುಚಿಯಲ್ಲ, ಸ್ಪರ್ಶ. ಟ್ಯಾನಿನ್‌ಗಳು ಜೊಲ್ಲಿನ ಪ್ರೋಟೀನುಗಳನ್ನು ಹಿಡಿದು ಗಡ್ಡೆ ಕಟ್ಟಿಸುತ್ತವೆ, ಬಾಯಿಯ ಜಾರಿಕೆ ಹೋಗುತ್ತದೆ. ಎಳೆ ಅಡಿಕೆಯೂ ಬಾಯಿಗೆ ಮಾಡುವುದು ಇದನ್ನೇ. ಪ್ರೋಟೀನು, ಕೊಬ್ಬು ಇರುವ ಊಟ ಜೊತೆಗಿದ್ದರೆ ಟ್ಯಾನಿನ್‌ಗೆ ಜೊಲ್ಲಿನ ಬದಲು ಬೇರೆ ಕೆಲಸ ಸಿಗುತ್ತದೆ. ಖಾರದ ಊಟದ ಗಣಿತ ಬೇರೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಾಯಲ್ಲಿ ಬಿಸಿಯನ್ನು ಅರಿಯುವ ಟಿಆರ್‌ಪಿವಿ1 ಎಂಬ ಗ್ರಾಹಕವನ್ನು ಕೆಣಕುತ್ತದೆ. ಈ ಗ್ರಾಹಕ ಸಾಮಾನ್ಯವಾಗಿ 42 ಡಿಗ್ರಿಗೆ ಎಚ್ಚರಗೊಳ್ಳುವಂಥದ್ದು. ಆಲ್ಕೋಹಾಲ್ ಆ ಮಿತಿಯನ್ನು 34ಕ್ಕೆ ಇಳಿಸುತ್ತದೆ ಎಂದು 2002ರಲ್ಲಿ ತೋರಿಸಿದರು. ಮೈಯ ಉಷ್ಣತೆಯೇ 37. ಕೋರಿ ಗಸಿಗೆ 14 ಪರ್ಸೆಂಟಿನ ಒಗರು ಕೆಂಪು ಸುರಿದುಕೊಂಡವರ ಕಿವಿಯಲ್ಲಿ ಹೊಗೆ ಬರುವುದು ಈ ಕಾರಣಕ್ಕೆ. ತಣ್ಣಗಿನ, ತುಸು ಸಿಹಿ ಉಳಿದ ಶೆನಿನ್ ಅಲ್ಲಿ ಮಾನ ಕಾಪಾಡುತ್ತದೆ.

ಮೀನಿಗೆ ಬಿಳಿ ವೈನ್ ಎಂಬ ಹಳೆಯ ಕಟ್ಟಳೆಯನ್ನು ಬರೀ ಸಂಪ್ರದಾಯವೆಂದು ತಳ್ಳಿಹಾಕಿದವರಿಗೆ 2009ರಲ್ಲಿ ಜಪಾನಿನ ಒಂದು ವೈನ್ ಕಂಪನಿಯ ಸಂಶೋಧಕರು ಉತ್ತರ ಕೊಟ್ಟರು. ಅವರು ಹಲವು ಹತ್ತು ವೈನುಗಳನ್ನು ಒಣಗಿಸಿದ ಸ್ಕ್ಯಾಲಪ್ ಚಿಪ್ಪುಮೀನಿನೊಂದಿಗೆ ರುಚಿ ನೋಡಿಸಿದರು. ಬಾಯಲ್ಲಿ ಉಳಿಯುವ ಹಸಿ ಮೀನಿನ ನಾತಕ್ಕೂ ವೈನಿನಲ್ಲಿರುವ ಕಬ್ಬಿಣಕ್ಕೂ ನಂಟು ಕಂಡಿತು. ಲೀಟರಿಗೆ 2 ಮಿಲಿಗ್ರಾಂ ದಾಟಿದರೆ ನಾತ ಜೋರು. ಕಬ್ಬಿಣವನ್ನು ಕಟ್ಟಿಹಾಕುವ ರಾಸಾಯನಿಕ ಬೆರೆಸಿದರೆ ನಾತ ಮಾಯ. ಮೀನಿನ ಕೊಬ್ಬನ್ನು ಕಬ್ಬಿಣ ಒಡೆದು ನಾರುವ ಅಣುಗಳನ್ನು ಬಿಡಿಸುತ್ತದೆ ಎಂಬುದು ಅವರ ವಿವರಣೆ. ಕೆಂಪು ವೈನುಗಳಲ್ಲಿ ಸಾಮಾನ್ಯವಾಗಿ ಕಬ್ಬಿಣ ಹೆಚ್ಚು, ಆದರೆ ಎಲ್ಲದರಲ್ಲೂ ಅಲ್ಲ. ಹಾಗಾಗಿ ಬಂಗುಡೆಗೆ ಒಪ್ಪುವ ಕೆಂಪು ಎಲ್ಲೋ ಇರಬೇಕು. ಕಬ್ಬಿಣದ ಪ್ರಮಾಣವನ್ನು ಲೇಬಲ್ ಮೇಲೆ ಯಾರೂ ಮುದ್ರಿಸುವುದಿಲ್ಲವಾದ್ದರಿಂದ, ಒಂದೊಂದೇ ಬಾಟಲಿ ತೆಗೆದು ನೋಡುವುದು ಬಿಟ್ಟು ಹವ್ಯಾಸಿಗೆ ಬೇರೆ ದಾರಿಯಿಲ್ಲ. ಅಲ್ಲಿಯವರೆಗೆ ಮನೆಯಲ್ಲಿ ಬಂಗುಡೆ ಪುಳಿಮುಂಚಿ ಆದ ದಿನ ಗ್ಲಾಸಿನಲ್ಲಿ ಸೋಲ್‌ಕಡಿ.